ಕಲಬುರಗಿ ಸೀಮೆಯ ಗೋಷ್ಠಿ ಪರಂಪರೆ: ರಾಜಸಭೆಯಿಂದ ಭಜನೆಯ ಕಟ್ಟೆಯವರೆಗೆ

ದೇವರು ಉಂಟೆ, ಉಂಟಾದರೆ ಯಾವ ಮಾತಿಗೆ ಎಟುಕುತ್ತಾನೆ, ಹಾಡು ಭಕ್ತಿಗೆ ಹಾದಿಯೋ ಅಡ್ಡಿಯೋ, ಮನುಷ್ಯಜನ್ಮದ ಸಾರ್ಥಕ್ಯ ಎಲ್ಲಿದೆ ಎಂಬ ಪ್ರಶ್ನೆಗಳನ್ನು ಹಲವರು ಒಂದೆಡೆ ಕೂಡಿ ಚರ್ಚಿಸುವ ಪದ್ಧತಿಗೆ ಕಲಬುರಗಿ ಸೀಮೆಯಲ್ಲಿ ಬಹಳ ಹಳೆಯ ದಾಖಲೆಗಳಿವೆ. ಇಂಥ ಕೂಟಕ್ಕೆ ಸಂಸ್ಕೃತ ಬಲ್ಲವರು ಗೋಷ್ಠಿ ಎಂದರು, ಶರಣರು ಅನುಭಾವ ಎಂದರು, ಪಾರಸಿ ಬಲ್ಲ ಸೂಫಿಗಳು ಮಜಲಿಸ್ ಎಂದರು, ಹಳ್ಳಿಯ ಜನ ಭಜನೆ ಎಂದರು. ಹೆಸರು ಬದಲಾದಂತೆ ಕೂಡುವ ಜಾಗ, ಕೂಡುವ ಜನ, ಆಡುವ ಭಾಷೆ ಎಲ್ಲವೂ ಬದಲಾದವು. ಆದರೂ ಈ ಕೂಟಗಳ ಚರಿತ್ರೆಯನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಒಪ್ಪದವರು ಒಂದೇ ಕಡೆ ಕೂಡಲು ಒಂದು ನಿಯಮ, ಕೂಡಿದವರಿಗೆ ಅನ್ನ, ಆಡಿದ ಮಾತನ್ನು ಉಳಿಸಿಕೊಳ್ಳುವ ಒಂದು ಏರ್ಪಾಡು ಇವು ಮೂರೂ ದೊರೆತ ಕಡೆ ಮಾತ್ರ ತತ್ತ್ವದ ಮಾತು ಬೆಳೆದಿದೆ. ಈ ಮೂರರಲ್ಲಿ ಒಂದು ಕಳಚಿದಾಗ ಗೋಷ್ಠಿ ಮುಗಿದಿದೆ, ಇಲ್ಲವೆ ಬೇರೊಂದು ಜಾಗಕ್ಕೆ ಸರಿದಿದೆ.

ಮಾತಿನ ನಿಯಮ: ಸನ್ನತಿ ಮತ್ತು ಮಳಖೇಡ

ಭೀಮಾ ನದಿಯ ದಂಡೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದ ಮೇಲೆ, 1980ರ ದಶಕದ ಕೊನೆಯ ಹೊತ್ತಿಗೆ, ಮೂರ್ತಿಯ ಪೀಠವಾಗಿ ಬಳಕೆಯಲ್ಲಿದ್ದ ಚಪ್ಪಡಿಯೊಂದರ ಮೇಲೆ ಅಶೋಕನ ಶಾಸನಗಳಿರುವುದು ಬೆಳಕಿಗೆ ಬಂದಿತು. ಕ್ರಿ.ಪೂ. 3ನೆಯ ಶತಮಾನದ ಈ ಚಪ್ಪಡಿಯಲ್ಲಿ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆದ ಶಾಸನಗಳ ಪೈಕಿ ಅಶೋಕನ 12ನೆಯ ಬಂಡೆಶಾಸನದ ಪಾಠವೂ ಸೇರಿದೆ. ಆ ಶಾಸನದ ವಿಷಯವೇ ಮಾತಿನ ಸಂಯಮ. ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ, ಆದ್ದರಿಂದ ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಿ ತಿಳಿಯಬೇಕು ಎಂಬುದು ಅದರ ಸಾರ. ರಾಜಾಜ್ಞೆಯಾಗಿ ಹೊರಟ ಈ ಮಾತು ಯಾವ ಪಂಥವನ್ನೂ ಬಿಡಲು ಹೇಳುವುದಿಲ್ಲ, ಎಲ್ಲ ಪಂಥಗಳೂ ಒಂದೇ ಎಂದೂ ಹೇಳುವುದಿಲ್ಲ. ಭಿನ್ನವಾಗಿಯೇ ಉಳಿದವರು ಹೇಗೆ ಮಾತಾಡಬೇಕು ಎಂಬುದಷ್ಟೇ ಅದರ ಕಾಳಜಿ.

ಇದೇ ಕಾಳಜಿ ಸಾವಿರ ವರ್ಷಗಳ ನಂತರ ಇದೇ ಸೀಮೆಯಲ್ಲಿ ಕನ್ನಡದಲ್ಲಿ ಮತ್ತೆ ಕಾಣಿಸಿಕೊಂಡಿತು. ಸೇಡಂ ತಾಲ್ಲೂಕಿನ ಇಂದಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗ, 9ನೆಯ ಶತಮಾನದ ನಡುವಿನಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನಿಂದ ಸಿದ್ಧವಾದ ‘ಕವಿರಾಜಮಾರ್ಗ’ವು ಅಲಂಕಾರಶಾಸ್ತ್ರದ ಗ್ರಂಥ. ಆದರೂ ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಗುಣವೇ ನಿಜವಾದ ಚಿನ್ನ ಎಂಬ ನಿಲುವನ್ನು ಅದು ಸ್ಪಷ್ಟವಾಗಿ ಸಾರುತ್ತದೆ. ಜೈನ ಆಚಾರ್ಯ ಜಿನಸೇನರೂ ಗಣಿತಜ್ಞ ಮಹಾವೀರಾಚಾರ್ಯರೂ ಅಮೋಘವರ್ಷನ ಆಶ್ರಯದ ವಲಯಕ್ಕೆ ಸೇರಿದವರು. ಅದೇ ನಾಡಿನಲ್ಲಿ ಶೈವ, ವೈಷ್ಣವ ದೇಗುಲಗಳಿಗೂ ದತ್ತಿ ನಡೆಯುತ್ತಿತ್ತು. ಅಂಥ ರಾಜಧಾನಿಯಲ್ಲಿ ಸೈರಣೆ ನೀತಿಬೋಧೆಯಷ್ಟೇ ಆಗಿರದೆ ವಿದ್ವತ್ಸಭೆ ನಡೆಯಲು ಬೇಕಾದ ಕಟ್ಟಳೆಯೂ ಆಗಿತ್ತು ಎಂದು ತಿಳಿಯುವುದು ಸಮಂಜಸ. ಓದು ಬಾರದವರಿಗೂ ಕಾವ್ಯದ ಒಳಮರ್ಮ ತಿಳಿದಿದೆ ಎಂದು ಕನ್ನಡ ನಾಡಿನ ಜನರನ್ನು ಕುರಿತು ಅದೇ ಗ್ರಂಥ ಮೆಚ್ಚಿ ಹೇಳಿರುವುದು ಮುಂದಿನ ಚರಿತ್ರೆಗೆ ಮುಖ್ಯವಾದ ಇನ್ನೊಂದು ಸಂಗತಿ.

ಮಾತಿಗೆ ಅನ್ನ: ನಾಗಾವಿಯ ಘಟಿಕಾಸ್ಥಾನ

ನಿಯಮವೊಂದೇ ಇದ್ದರೆ ಗೋಷ್ಠಿ ನಡೆಯದು. ಕೂಡಿದವರ ಊಟ, ವಸತಿಗೆ ದಾರಿಯಾಗಬೇಕು. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿದ್ದ ಘಟಿಕಾಸ್ಥಾನವು ಇದಕ್ಕೆ ಒಳ್ಳೆಯ ನಿದರ್ಶನ. ಘಟಿಕಾಸ್ಥಾನವೆಂದರೆ ದತ್ತಿಭೂಮಿಯ ಆದಾಯದಿಂದ ನಡೆಯುತ್ತಿದ್ದ ಉನ್ನತ ವಿದ್ಯಾಲಯ. ಒಂದನೆಯ ಸೋಮೇಶ್ವರನ ಆಳ್ವಿಕೆಯ 1058ರ ಶಾಸನವು ಅಲ್ಲಿ 200 ಮಂದಿ ವೇದವಿದ್ಯಾರ್ಥಿಗಳಿಗೂ ಸುಮಾರು 50 ಮಂದಿ ಶಾಸ್ತ್ರವಿದ್ಯಾರ್ಥಿಗಳಿಗೂ ಏರ್ಪಾಡು ಮಾಡಿದ್ದನ್ನು ದಾಖಲಿಸುತ್ತದೆ. ಪುಸ್ತಕಗಳನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ, ಅಂದರೆ ಗ್ರಂಥಪಾಲಕರನ್ನೂ, ಹೆಸರಿಸುತ್ತದೆ. ವೇದವಾಕ್ಯದ ಅರ್ಥವನ್ನು ನಿರ್ಣಯಿಸುವ ಮೀಮಾಂಸಾ ಶಾಸ್ತ್ರದಲ್ಲಿ ಒಂದಕ್ಕೊಂದು ಎದುರಾಗಿದ್ದ ಭಾಟ್ಟ ಮತ್ತು ಪ್ರಾಭಾಕರ ಎಂಬ ಎರಡೂ ಮತಗಳಿಗೆ ಅಲ್ಲಿ ಅಧ್ಯಾಪಕರಿದ್ದರು. ಒಂದೇ ದತ್ತಿಯ ಅನ್ನವನ್ನು ಉಂಡು ಎರಡು ಪಕ್ಷಗಳು ವಾದಿಸುತ್ತಿದ್ದವು. ಭಿನ್ನಮತಕ್ಕೆ ಜಾಗ ಕೊಡುವುದೇ ವಿದ್ಯೆಯ ಲಕ್ಷಣವೆಂದು ಆ ಕಾಲ ಬಗೆದಿತ್ತು. ಆದರೆ ಆ ವಿದ್ಯೆ ಸಂಸ್ಕೃತದ್ದು, ಆ ಬಾಗಿಲು ಕೆಲವರಿಗಷ್ಟೇ ತೆರೆದದ್ದು. ಕೇಳುವ ಹಕ್ಕು ಯಾರಿಗಿದೆ ಎಂಬ ಪ್ರಶ್ನೆಯನ್ನು ಎತ್ತಲು ಇನ್ನೊಂದು ಶತಮಾನ ಕಾಯಬೇಕಾಯಿತು.

12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಆ ಪ್ರಶ್ನೆ ಎದ್ದಿತು. ಶರಣರು ಕೂಡುತ್ತಿದ್ದರೆನ್ನುವ ಅನುಭವ ಮಂಟಪ ಎಂಬ ಹೆಸರಿನ ಕಟ್ಟಡ ಇತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಬಸವಣ್ಣ, ಅಲ್ಲಮಪ್ರಭು, ಅಕ್ಕಮಹಾದೇವಿ, ಮಡಿವಾಳ ಮಾಚಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದವರು ಒಬ್ಬರನ್ನೊಬ್ಬರು ಕೇಳಿ, ಕೆಣಕಿ, ತಿದ್ದಿದ್ದಕ್ಕೆ ಅವರ ವಚನಗಳೇ ಸಾಕ್ಷಿ. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡ ಮಾರಯ್ಯನಿಗೆ ಅದನ್ನು ಮರಳಿ ಅಲ್ಲೇ ಸುರಿದು ಬರುವಂತೆ ಹೇಳಿದ ಲಕ್ಕಮ್ಮನ ಪ್ರಸಂಗದಲ್ಲಿ ತತ್ತ್ವಚರ್ಚೆ ಅಡುಗೆಮನೆಯ ಅಕ್ಕಿಯವರೆಗೂ ಇಳಿದಿರುವುದು ಕಾಣುತ್ತದೆ. ಕಾಯಕ ಮತ್ತು ದಾಸೋಹ ಎಂಬ ಶರಣರ ಎರಡು ಮುಖ್ಯ ಕಲ್ಪನೆಗಳು, ಅಂದರೆ ಸತ್ಯಶುದ್ಧ ದುಡಿಮೆ ಮತ್ತು ಅದರ ಫಲವನ್ನು ವಿನಯದಿಂದ ಹಂಚಿಕೊಳ್ಳುವುದು, ಗೋಷ್ಠಿಗೆ ಬೇಕಾದ ಅನ್ನದ ಹೊಣೆಯನ್ನು ಅರಸನ ಕೈಯಿಂದ ದುಡಿಯುವವರ ಕೈಗೆ ದಾಟಿಸಿದವು.

ಒಂದೇ ಊರಿನಲ್ಲಿ ಎರಡು ಸಭೆಗಳು

1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಮೇಲೆ ಇರಾನ್, ಅರಬ್ ದೇಶ ಮತ್ತು ದೆಹಲಿಯ ಕಡೆಯಿಂದ ವಿದ್ವಾಂಸರು ಈ ಊರಿಗೆ ಬರತೊಡಗಿದರು. 1397ರಿಂದ 1422ರವರೆಗೆ ಆಳಿದ ಫಿರೋಜ್ ಷಾ ಬಹಮನಿಯು ಮೀರ್ ಫಜ್ಲುಲ್ಲಾ ಇಂಜೂ ಎಂಬ ಶಿರಾಜಿನ ವಿದ್ವಾಂಸನ ಶಿಷ್ಯ. ಆ ಗುರುವು ಮಧ್ಯ ಏಷ್ಯದ ಹೆಸರಾಂತ ತರ್ಕಶಾಸ್ತ್ರಜ್ಞ ತಫ್ತಾಜಾನಿಯ ಶಿಷ್ಯಪರಂಪರೆಗೆ ಸೇರಿದವನು. ಫಿರೋಜನು ಹಲವು ಭಾಷೆಗಳನ್ನು ಬಲ್ಲವನಾಗಿದ್ದು, ರೇಖಾಗಣಿತ, ತರ್ಕ ಮೊದಲಾದ ಶಾಸ್ತ್ರಗಳ ಪಾಠಕ್ಕೆಂದು ವಾರದಲ್ಲಿ ಮೂರು ದಿನ ಮೀಸಲಿಟ್ಟಿದ್ದನೆಂದೂ, ದೌಲತಾಬಾದಿನ ಬಳಿ ನಕ್ಷತ್ರವೀಕ್ಷಣಾಲಯವನ್ನು ಕಟ್ಟಿಸಲು ತೊಡಗಿದ್ದನೆಂದೂ ಸುಮಾರು ಎರಡು ಶತಮಾನಗಳ ನಂತರ ದಖ್ಖನಿನ ಚರಿತ್ರೆ ಬರೆದ ಫೆರಿಶ್ತಾ ಹೇಳುತ್ತಾನೆ.

ಫಿರೋಜನ ರಾತ್ರಿಯ ಗೋಷ್ಠಿಯನ್ನು ಕುರಿತು ಫೆರಿಶ್ತಾ ಕೊಡುವ ವಿವರ ಇನ್ನೂ ಮುಖ್ಯವಾದದ್ದು. ಹಗಲಿನ ರಾಜಕಾರ್ಯ ಮುಗಿದ ಮೇಲೆ ಧರ್ಮಪಂಡಿತರು, ಕವಿಗಳು, ಕಥೆ ಹೇಳುವವರು, ‘ಷಾನಾಮೆ’ ಓದುವವರು ಸುಲ್ತಾನನ ಬಳಿ ಸೇರಿ ನಡುರಾತ್ರಿಯವರೆಗೂ ಮಾತಿನಲ್ಲಿ ತೊಡಗುತ್ತಿದ್ದರು. ಆ ಹೊತ್ತಿನಲ್ಲಿ ದರ್ಬಾರಿನ ಶಿಷ್ಟಾಚಾರಕ್ಕೆ ರಜೆ. ಬಂದವರು ಸಲುಗೆಯಿಂದ ಕೂಡ್ರಬಹುದು, ಬೇಕಾದ ತಿನಿಸನ್ನು ಕೇಳಿ ತರಿಸಿಕೊಳ್ಳಬಹುದು, ಏನನ್ನು ಬೇಕಾದರೂ ಮಾತಾಡಬಹುದು. ನಿಷೇಧವಿದ್ದದ್ದು ಎರಡಕ್ಕೆ ಮಾತ್ರ: ರಾಜ್ಯದ ಆಡಳಿತದ ವಿಷಯ ಎತ್ತಕೂಡದು, ಎದುರಿಗಿಲ್ಲದವರನ್ನು ನಿಂದಿಸಕೂಡದು. ಆಡಳಿತದ ಮಾತು ಬಂದರೆ ಅಲ್ಲಿ ಮತ್ತೆ ಅರಸ, ಆಳು ಎಂಬ ಭೇದ ತಲೆ ಎತ್ತುತ್ತದೆ. ಇಲ್ಲದವರ ನಿಂದೆಗೆ ಉತ್ತರ ಕೊಡುವವರೇ ಇರುವುದಿಲ್ಲ. ಎರಡನ್ನೂ ಹೊರಗಿಟ್ಟಾಗ ಉಳಿಯುವುದು, ಎದುರು ಕೂತವನು ಮರುಮಾತಾಡಬಲ್ಲ ವಿಷಯಗಳಷ್ಟೇ. ಸನ್ನತಿಯ ಚಪ್ಪಡಿಯ ಮಾತಿನ ಸಂಯಮಕ್ಕೂ ಈ ಕಟ್ಟಳೆಗೂ ಚಾರಿತ್ರಿಕ ನಂಟೇನೂ ಇಲ್ಲದಿದ್ದರೂ ಎರಡರ ಹಿಂದೆಯೂ ಇರುವ ತಿಳಿವಳಿಕೆ ಒಂದೇ.

ಇದೇ ವೇಳೆ ಊರಿನಲ್ಲಿ ಇನ್ನೊಂದು ಸಭೆ ಸೇರುತ್ತಿತ್ತು. 1321ರಲ್ಲಿ ದೆಹಲಿಯಲ್ಲಿ ಹುಟ್ಟಿ, ಚಿಷ್ತಿ ಪಂಥದ ನಸೀರುದ್ದೀನ್ ಚಿರಾಗ್-ಎ-ದೆಹಲಿಯವರ ಶಿಷ್ಯರಾಗಿ ಬೆಳೆದ ಸೈಯದ್ ಮುಹಮ್ಮದ್ ಹುಸೇನಿ, ಜನರ ಬಾಯಲ್ಲಿ ಖ್ವಾಜಾ ಬಂದೇ ನವಾಜ್ ಗೇಸೂದರಾಜರು, 1398ರಲ್ಲಿ ತೈಮೂರನ ದಾಳಿಯ ಸಂದರ್ಭದಲ್ಲಿ ದೆಹಲಿಯನ್ನು ಬಿಟ್ಟು, ಗುಜರಾತ್ ಮತ್ತು ದೌಲತಾಬಾದಿನ ಮಾರ್ಗವಾಗಿ 1400ರ ಆಸುಪಾಸಿನಲ್ಲಿ ಕಲಬುರಗಿಗೆ ಬಂದರು. ಆಗ ಅವರಿಗೆ ಎಂಬತ್ತರ ಹತ್ತಿರದ ವಯಸ್ಸು. ಅವರ ಖಾನಖಾಹ್, ಅಂದರೆ ಸೂಫಿ ಗುರು ಶಿಷ್ಯರೊಡನೆ ವಾಸಿಸಿ ಬೋಧಿಸುವ ಮಠ, ಕುರಾನಿನ ವ್ಯಾಖ್ಯಾನ, ಪ್ರವಾದಿಗಳ ಹದೀಸು, ಸೂಫಿ ಗ್ರಂಥಗಳ ಪಾಠಕ್ಕೆ ನೆಲೆಯಾಯಿತು. ಬಂದವರು ಪ್ರಶ್ನೆ ಕೇಳುವುದು, ಗುರು ಒಂದು ಕಥೆಯಿಂದಲೋ ಒಂದು ವಾಕ್ಯದ ವಿವರಣೆಯಿಂದಲೋ ಉತ್ತರಿಸುವುದು, ಶಿಷ್ಯನೊಬ್ಬ ಅದನ್ನು ಬರೆದುಕೊಳ್ಳುವುದು ಚಿಷ್ತಿಗಳ ಸಂಪ್ರದಾಯ. ಹಾಗೆ ಬರೆದಿಟ್ಟ ಮಾತುಕತೆಯ ಗ್ರಂಥಕ್ಕೆ ಮಲ್‌ಫೂಜಾತ್ ಎಂದು ಹೆಸರು. ಗೇಸೂದರಾಜರ ಮಾತುಗಳನ್ನು ಅವರ ಮಗ ಸೈಯದ್ ಮುಹಮ್ಮದ್ ಅಕ್ಬರ್ ಹುಸೇನಿ ‘ಜವಾಮಿ-ಉಲ್-ಕಲಿಮ್’ ಎಂಬ ಹೆಸರಿನಲ್ಲಿ ಸಂಗ್ರಹಿಸಿದರು.

ಈ ಗ್ರಂಥದಲ್ಲಿ ಗೋಷ್ಠಿಯ ಎರಡು ಮುಖಗಳು ಕಾಣುತ್ತವೆ. ಬ್ರಾಹ್ಮಣ ಪಂಡಿತರ ಶಾಸ್ತ್ರಗಳನ್ನೂ ಪುರಾಣಗಳನ್ನೂ ತಾವು ತಿಳಿದುಕೊಂಡು ಅವರೊಡನೆ ವಾದಿಸಿದ್ದನ್ನು ಗುರುಗಳು ಅಲ್ಲಿ ಹೇಳಿಕೊಳ್ಳುತ್ತಾರೆ. ಆ ವಾದದ ಗುರಿ ಗೆಲುವೇ ಆಗಿತ್ತು, ಆದರೆ ಎದುರಾಳಿಯ ಗ್ರಂಥ ತಿಳಿಯದೆ ವಾದ ಸಾಧ್ಯವಿಲ್ಲವೆಂಬ ಶಿಸ್ತೂ ಅದರೊಳಗಿತ್ತು. ಇನ್ನೊಂದು ಕಡೆ ಸಂಗೀತದ ಮಾತು ಬರುತ್ತದೆ. ಭಕ್ತಿಯ ಹಾಡನ್ನು ಕೇಳಿ ಮೈಮರೆಯುವ ಸಮಾ ಎಂಬ ಕೂಟಗಳನ್ನು ಚಿಷ್ತಿಗಳು ಎತ್ತಿಹಿಡಿದವರು, ಶರೀಅತ್ತಿನ ಪಂಡಿತರಲ್ಲಿ ಹಲವರು ಅದನ್ನು ಒಪ್ಪದವರು. ಒಂದೊಂದು ಭಾಷೆಗೂ ಒಂದೊಂದು ಗುಣವಿದೆ, ಹಿಂದವಿಯ ಹಾಡು ಮೃದುವಾಗಿ, ಸೂಕ್ಷ್ಮವಾಗಿ ಮನಸ್ಸನ್ನು ತಟ್ಟುತ್ತದೆ ಎಂಬುದು ಗೇಸೂದರಾಜರ ಅಭಿಪ್ರಾಯವಾಗಿತ್ತು. ಶಾಸ್ತ್ರಕ್ಕೆ ಅರಬ್ಬಿಯೂ ಪಾರಸಿಯೂ ಮೀಸಲಾಗಿದ್ದ ಕಾಲದಲ್ಲಿ ಒಬ್ಬ ಮಹಾವಿದ್ವಾಂಸರು ನಾಡಮಾತಿನ ಹಾಡಿಗೆ ಕೊಟ್ಟ ಈ ಮನ್ನಣೆಯು ದಖ್ಖನಿನ ಮುಂದಿನ ಸೂಫಿ ಹಾಡುಗಳನ್ನು ಅರ್ಥಮಾಡಿಕೊಳ್ಳಲು ಮುಖ್ಯವಾದದ್ದು.

ಎರಡು ಸಭೆಗಳ ನಡುವೆ ಸ್ನೇಹ ಬಹಳ ಕಾಲ ಉಳಿಯಲಿಲ್ಲ. ತರ್ಕ, ಗಣಿತಗಳಲ್ಲಿ ಪಳಗಿದ ಫಿರೋಜನಿಗೆ ಖ್ವಾಜಾರಲ್ಲಿ ಅಂಥ ವಿದ್ಯೆ ಸಾಲದೆಂದು ತೋರಿತು ಎನ್ನುತ್ತಾನೆ ಫೆರಿಶ್ತಾ; ಸುಲ್ತಾನನ ತಮ್ಮ ಅಹ್ಮದನಾದರೋ ಖಾನಖಾಹಿನ ಭಕ್ತ. ಉತ್ತರಾಧಿಕಾರದ ಪ್ರಶ್ನೆ ಬಂದಾಗ ಗುರುವಿನ ಹರಕೆ ಅಹ್ಮದನ ಕಡೆಗಿತ್ತು. ಕೋಟೆಯ ಬಳಿ ಜನಜಂಗುಳಿ ಹೆಚ್ಚಿತೆಂಬ ಕಾರಣ ಕೊಟ್ಟು ಖಾನಖಾಹನ್ನು ದೂರಕ್ಕೆ ಸರಿಸುವಂತೆ ಸುಲ್ತಾನ ಹೇಳಿಕಳಿಸಿದ. ಆಡಳಿತದ ಮಾತು ಗೋಷ್ಠಿಗೆ ಬರಕೂಡದೆಂದು ವಿಧಿಸಿದ್ದ ಅರಸನೇ ತತ್ತ್ವದ ಭಿನ್ನಾಭಿಪ್ರಾಯವನ್ನು ಆಡಳಿತದ ಪ್ರಶ್ನೆಯಾಗಿ ಕಂಡದ್ದು ಈ ಚರಿತ್ರೆಯ ದುಃಖದ ಸಂಗತಿ. 1422ರಲ್ಲಿ ಫಿರೋಜನೂ ಗೇಸೂದರಾಜರೂ ಒಂದೇ ವರ್ಷ ತೀರಿಕೊಂಡರು. ಅಹ್ಮದ್ ಷಾ ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ ರಾಜಧಾನಿ ಬೀದರಿಗೆ ಹೋಯಿತು. ರಾತ್ರಿಯ ಗೋಷ್ಠಿ ಅರಸನೊಂದಿಗೆ ಮುಗಿಯಿತು, ಗೇಸೂದರಾಜರ ದರ್ಗಾ ಮಾತ್ರ ಇಂದಿಗೂ ಜನರಿಂದ ತುಂಬಿದೆ.

ಅದೇ 15ನೆಯ ಶತಮಾನದ ಮೊದಲ ಭಾಗದಲ್ಲಿ, ವಿಜಯನಗರದ ಸೀಮೆಯಲ್ಲಿ, ಶಿವಗಣಪ್ರಸಾದಿ ಮಹಾದೇವಯ್ಯನು ಬಿಡಿಬಿಡಿಯಾಗಿದ್ದ ಶರಣರ ವಚನಗಳನ್ನು ಅಲ್ಲಮಪ್ರಭುವಿನೊಡನೆ ನಡೆದ ಸಂವಾದವಾಗಿ ಹೊಂದಿಸಿ ‘ಶೂನ್ಯಸಂಪಾದನೆ’ಯನ್ನು ರಚಿಸಿದನು. ‘ಜವಾಮಿ-ಉಲ್-ಕಲಿಮ್’ ಪಾರಸಿಯದು, ‘ಶೂನ್ಯಸಂಪಾದನೆ’ ಕನ್ನಡದ್ದು. ಒಂದರಿಂದ ಇನ್ನೊಂದು ಹುಟ್ಟಿತೆನ್ನಲು ಆಧಾರವಿಲ್ಲ. ಆದರೂ ಸಂವಾದವೇ ತತ್ತ್ವದ ಸರಿಯಾದ ಆಕಾರ, ಪ್ರಶ್ನೆಯನ್ನು ಬಿಟ್ಟು ಉತ್ತರವನ್ನಷ್ಟೇ ಉಳಿಸಿಕೊಂಡರೆ ತತ್ತ್ವ ಕುಂಟುತ್ತದೆ ಎಂದು ನೆರೆಯ ಎರಡು ನಾಡುಗಳು ಹೆಚ್ಚುಕಡಿಮೆ ಒಂದೇ ತಲೆಮಾರಿನಲ್ಲಿ ಕಂಡುಕೊಂಡವು.

ಕಮಲಾಪುರದ ದಾರಿ ಮತ್ತು ಭಜನೆಯ ಕಟ್ಟೆ

ಅರಸರ ಆಶ್ರಯ ತಪ್ಪಿದ ಮೇಲೆ ಗೋಷ್ಠಿ ಹಳ್ಳಿ, ಪೇಟೆಗಳಲ್ಲಿ ನೆಲೆಯೂರಿತು. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, 1822ರವರೆಗೆ ಬಾಳಿದ ಶರಣಬಸವೇಶ್ವರರು ಕಲಬುರಗಿಯಲ್ಲಿ ದಾಸೋಹವನ್ನು ನಿತ್ಯದ ವ್ರತವಾಗಿ ನಡೆಸಿ ಬಂದವರಿಗೆಲ್ಲ ಅನ್ನ ಇಕ್ಕಿದರು; ಅವರ ಸಮಾಧಿಯ ಸ್ಥಳ ಮಹಾದಾಸೋಹ ಪೀಠವಾಗಿ ಬೆಳೆಯಿತು. ಕಲಬುರಗಿಯಿಂದ ಈಶಾನ್ಯಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿ, ಹುಮನಾಬಾದಿನ ಹೆದ್ದಾರಿಯ ಮೇಲೆ ಕಮಲಾಪುರವಿದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ, ಈಚೆಗೆ ತಾಲ್ಲೂಕು ಕೇಂದ್ರವಾದ ಈ ಪೇಟೆಯ ದಾರಿಯೇ ದೊಡ್ಡ ಧರ್ಮಕೇಂದ್ರಗಳನ್ನು ಒಂದಕ್ಕೊಂದು ಜೋಡಿಸುತ್ತದೆ: ಹಿಂದಕ್ಕೆ ಬಂದೇ ನವಾಜರ ದರ್ಗಾ ಮತ್ತು ಶರಣಬಸವೇಶ್ವರರ ಗುಡಿ, ಮುಂದಕ್ಕೆ ಹುಮನಾಬಾದಿನ ಹತ್ತಿರದ ಮಾಣಿಕನಗರ, ಅಲ್ಲಿಂದ ಪಶ್ಚಿಮಕ್ಕೆ ಬಸವಕಲ್ಯಾಣ. ಮಾಣಿಕನಗರದಲ್ಲಿ ಮಾಣಿಕಪ್ರಭುಗಳು (1817–1865) ಎಲ್ಲ ಮತಗಳೂ ಒಂದೇ ಸತ್ಯದ ಕಡೆಗೆ ನಡೆಯುತ್ತವೆ ಎಂಬ ಸಕಲಮತ ಸಿದ್ಧಾಂತವನ್ನು ಬೋಧಿಸಿ, ಪಂಡಿತರೂ ಫಕೀರರೂ ಗವಾಯಿಗಳೂ ಸೇರುವ ದರ್ಬಾರನ್ನು ನಡೆಸಿ, ಮರಾಠಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಪದ ಕಟ್ಟಿದರು.

ಈ ದಾರಿಯ ಆಚೀಚಿನ ಸೀಮೆಯಲ್ಲಿ ಗೋಷ್ಠಿಗೆ ಎರಡು ರೂಪಗಳು ದೊರೆತವು. ಮೊದಲನೆಯದು ಪುರಾಣ. ಶ್ರಾವಣ ಬಂತೆಂದರೆ ಊರೂರಿನ ಗುಡಿ, ಮಠಗಳಲ್ಲಿ ಪುರಾಣ ಹಚ್ಚುವುದು ಇಲ್ಲಿಯ ವಾಡಿಕೆ. ದಿನದ ಕೆಲಸ ಮುಗಿಸಿ ಬಂದ ಜನರಿಗೆ ಶಾಸ್ತ್ರಿಗಳು ಪುರಾಣದ ಪದ್ಯವನ್ನು ಓದಿ ಅರ್ಥ ಬಿಡಿಸುತ್ತಾರೆ, ಗವಾಯಿಯ ಹಾಡಿಗೆ ತಬಲಾ ಕೂಡುತ್ತದೆ, ಮುಕ್ತಾಯದ ದಿನ ಊರಿಗೆಲ್ಲ ಪ್ರಸಾದವಾಗುತ್ತದೆ. ಎರಡನೆಯದು ತತ್ತ್ವಪದದ ಭಜನೆ. ತತ್ತ್ವಪದವೆಂದರೆ ಗುರು, ದೇಹ, ಮನಸ್ಸು, ಸಾವು ಇವುಗಳ ಕುರಿತು ಅನುಭಾವಿಗಳು ಆಡುಮಾತಿನಲ್ಲಿ ಕಟ್ಟಿದ ಹಾಡು. ಜೇವರ್ಗಿ ಸೀಮೆಯ ಕಡಕೋಳದ ಮಡಿವಾಳಪ್ಪನವರು 19ನೆಯ ಶತಮಾನದಲ್ಲಿ ಈ ಪರಂಪರೆಗೆ ಬಲ ತುಂಬಿದರು. ಬ್ರಾಹ್ಮಣರಾದ ಖೈನೂರು ಕೃಷ್ಣಪ್ಪ, ಮುಸಲ್ಮಾನರಾದ ಚೆನ್ನೂರು ಜಲಾಲಸಾಹೇಬ, ತೆಲಗಬಾಳ ರೇವಪ್ಪ, ಕಡ್ಲೇವಾಡ ಸಿದ್ದಪ್ಪ ಅವರ ಶಿಷ್ಯರೆಂದು ಪ್ರಸಿದ್ಧರು. ಒಬ್ಬ ಗುರುವಿನ ಸುತ್ತ ಇಷ್ಟು ಭಿನ್ನ ಹುಟ್ಟಿನವರು ಕೂಡಿ ಒಂದೇ ಬಗೆಯ ಪದ ಕಟ್ಟಿದ್ದು, ನಾಗಾವಿಯ ವಿದ್ಯಾಲಯಕ್ಕೂ ಫಿರೋಜನ ದರ್ಬಾರಿಗೂ ಆಗದ ಕೆಲಸ.

ಭಜನೆಯ ಏರ್ಪಾಡನ್ನು ಹತ್ತಿರದಿಂದ ನೋಡಿದರೆ ಅದು ಗೋಷ್ಠಿಯೇ ಎಂಬುದು ತಿಳಿಯುತ್ತದೆ. ಅಮಾವಾಸ್ಯೆಯ ರಾತ್ರಿಯೋ ಗುರುವಿನ ಪುಣ್ಯತಿಥಿಯಂದೋ ಮಠದ ಕಟ್ಟೆಯ ಮೇಲೆ ಎರಡು ಮೇಳಗಳು ಎದುರುಬದುರಾಗಿ ಕೂಡುತ್ತವೆ. ಒಬ್ಬನ ಕೈಯಲ್ಲಿ ಏಕತಾರಿ, ಇನ್ನೊಬ್ಬನ ಕೈಯಲ್ಲಿ ದಮ್ಮಡಿ, ಉಳಿದವರ ಕೈಯಲ್ಲಿ ತಾಳ. ಮುಂದಾಳು ಹಾಡಿದ ಸಾಲನ್ನು ಹಿಮ್ಮೇಳ ಎತ್ತಿ ಹಾಡುತ್ತದೆ. ಮೊದಲ ಮೇಳ ಒಂದು ಸವಾಲಿನ ಪದ ಹಾಡುತ್ತದೆ. ಅದರಲ್ಲಿ ಒಂಬತ್ತು ಬಾಗಿಲಿನ ಮನೆ, ಆರು ಮಂದಿ ಕಳ್ಳರು, ಐವರು ಕಾವಲುಗಾರರು ಎಂಬಂಥ ಒಡಪಿನ ಎಣಿಕೆಗಳಿರುತ್ತವೆ. ಎದುರಿನ ಮೇಳ ತನಗೆ ಗೊತ್ತಿರುವ ಪದಗಳಲ್ಲೇ ಹುಡುಕಿ, ಮನೆಯೆಂದರೆ ದೇಹ, ಬಾಗಿಲೆಂದರೆ ನವದ್ವಾರ, ಕಳ್ಳರೆಂದರೆ ಅರಿಷಡ್ವರ್ಗ, ಕಾವಲುಗಾರರೆಂದರೆ ಪಂಚೇಂದ್ರಿಯ ಎಂದು ಬಿಡಿಸುವ ಜವಾಬಿನ ಪದವನ್ನು ಎತ್ತಬೇಕು. ಎತ್ತಿದ ಮೇಲೆ ತನ್ನ ಸವಾಲನ್ನು ತಿರುಗಿ ಹಾಕಬೇಕು. ಒಡಪು ಇಲ್ಲಿ ಬರಿಯ ಆಟವಲ್ಲ. ಕಾಯುವ ಇಂದ್ರಿಯಗಳೇ ಕಳ್ಳರೊಂದಿಗೆ ಸೇರಿದರೆ ಮನೆಯ ಗತಿಯೇನು ಎಂಬ ಮರುಪ್ರಶ್ನೆ ಬಂದಾಗ ಚರ್ಚೆ ಎಣಿಕೆಯನ್ನು ದಾಟಿ ನೀತಿಗೆ, ನೀತಿಯನ್ನು ದಾಟಿ ಮುಕ್ತಿಗೆ ಏರುತ್ತದೆ. ಈ ಸವಾಲ್-ಜವಾಬು ಮೊಹರಮ್ಮಿನ ರಿವಾಯತ್ ಪದಗಳಲ್ಲೂ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ವಾದಿಸುವ ಹರದೇಶಿ-ನಾಗೇಶಿ ಹಾಡುಗಳಲ್ಲೂ ಹರಡಿಕೊಂಡಿತು. ಕೊನೆಯದರಲ್ಲಿ ಹೆಣ್ಣಿನ ಪಕ್ಷವನ್ನು ಹಿಡಿದು ಹಾಡಿಕೆಯ ಹೆಣ್ಣುಮಕ್ಕಳೇ ತುಂಬಿದ ಜನರ ಮುಂದೆ ವಾದ ಹೂಡಿದರು. ಓದು ಬಾರದವರ ಕಾವ್ಯಜ್ಞಾನವನ್ನು ‘ಕವಿರಾಜಮಾರ್ಗ’ ಮೆಚ್ಚಿದ್ದು ಎಷ್ಟು ಸರಿ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಭೆ, ಮುದ್ರಣ ಮತ್ತು ಉಳಿದ ಕೆಲಸ

ಕಲಬುರಗಿ ಹೈದರಾಬಾದಿನ ನಿಜಾಮರ ಆಡಳಿತದಲ್ಲಿದ್ದಾಗ ಉರ್ದು ರಾಜಭಾಷೆಯಾಗಿತ್ತು, ಸಾರ್ವಜನಿಕ ಸಭೆಗಳಿಗೆ ಸರ್ಕಾರದ ಅಪ್ಪಣೆ ಬೇಕಾಗಿತ್ತು. ಅಂಥ ಕಾಲದಲ್ಲೇ, 1928ರಲ್ಲಿ, ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ 14ನೆಯ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ ನಡೆಯಿತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ, 1949ರಲ್ಲಿ, ಇದೇ ಊರಿನ ಸಮ್ಮೇಳನಕ್ಕೆ ಅಧ್ಯಕ್ಷರಾದವರು ಕ್ರೈಸ್ತ ಪಾದ್ರಿಗಳೂ ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಸಂಗ್ರಹಿಸಿದವರೂ ಶರಣಸಾಹಿತ್ಯದ ಅಭ್ಯಾಸಿಗಳೂ ಆದ ಉತ್ತಂಗಿ ಚನ್ನಪ್ಪನವರು. ನಿಜಾಮನ ಪರವಾಗಿ ನಿಂತ ರಜಾಕಾರರ ಹಾವಳಿ ಮತ್ತು ಅದರ ಬೆನ್ನಿಗೆ ಬಂದ ಹಿಂಸೆಯ ಗಾಯ ಇನ್ನೂ ಹಸಿಯಾಗಿದ್ದಾಗ, ಒಂದು ಧರ್ಮದಲ್ಲಿ ನಿಂತು ಇನ್ನೊಂದು ಧರ್ಮದ ಸಾಹಿತ್ಯಕ್ಕೆ ಬಾಳನ್ನೇ ಕೊಟ್ಟವರನ್ನು ಕಲಬುರಗಿ ಅಧ್ಯಕ್ಷಪೀಠದಲ್ಲಿ ಕೂರಿಸಿತು. ಈ ಊರಿನ ಗೋಷ್ಠಿ ಪರಂಪರೆಗೆ ಅದಕ್ಕಿಂತ ಒಪ್ಪುವ ಆಯ್ಕೆ ಕಾಣದು. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯವೂ 2009ರಲ್ಲಿ ಉದ್ಘಾಟನೆಯಾದ ಬುದ್ಧ ವಿಹಾರವೂ ಹಳೆಯ ಪ್ರಶ್ನೆಗಳಿಗೆ ಹೊಸ ನೆಲೆಗಳನ್ನು ಒದಗಿಸಿದವು.

ಇಷ್ಟು ದೀರ್ಘ ಚರಿತ್ರೆಯಲ್ಲಿ ಅರಸರ ಗೋಷ್ಠಿಗಳು ಅರಸರೊಡನೆ ಮುಗಿದವು. ದಾಸೋಹ, ಭಜನೆ, ಸಮಾ ಕೂಟಗಳು ಉಳಿದವು. ಅನ್ನದ ಹೊಣೆ ಊರಿನದಾದಾಗ, ನೆನಪಿನ ಹೊಣೆ ಹಾಡುವವರ ಕೊರಳಿನದಾದಾಗ, ಗೋಷ್ಠಿಗೆ ಪಟ್ಟ ಬದಲಾಗುವ ಭಯವಿರಲಿಲ್ಲ. ಆದರೆ ಆ ಕೊರಳಿನ ನೆನಪಿಗೆ ಈಗ ಆಪತ್ತು ಬಂದಿದೆ. ತತ್ತ್ವಪದಗಳ ಸಂಗ್ರಹ ಮತ್ತು ಮುದ್ರಣ ದೊಡ್ಡ ಪ್ರಮಾಣದಲ್ಲಿ ನಡೆದಿರುವುದು ನಿಜವಾಗಿಯೂ ಉಪಕಾರದ ಕೆಲಸ. ಬೆಂಗಳೂರಿನ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ಹೊರತಂದ ಸಂಪುಟಗಳಿಲ್ಲದಿದ್ದರೆ ಎಷ್ಟೋ ಪದಗಳು ಹಾಡುವವರೊಂದಿಗೇ ಮಣ್ಣಾಗುತ್ತಿದ್ದವು. ಆದರೆ ಮುದ್ರಿತ ಸಂಗ್ರಹಗಳಲ್ಲಿ ಪದಗಳು ಬಹುಮಟ್ಟಿಗೆ ರಚಿಸಿದವರ ಹೆಸರಿನ ಕೆಳಗೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಯಾವ ಸವಾಲಿಗೆ ಯಾವ ಪದ ಜವಾಬಾಗಿ ಬರುತ್ತಿತ್ತು, ಆ ಜವಾಬು ಸಾಲದಾದಾಗ ಎದುರಿನ ಮೇಳ ಯಾವ ಪದ ಎತ್ತುತ್ತಿತ್ತು ಎಂಬ ಕ್ರಮ ತಿಳಿದಿರುವುದು ಕಟ್ಟೆಯ ಮೇಲೆ ಹಾಡಿದ ಹಿರಿಯರಿಗೆ ಮಾತ್ರ. ಬಿಡಿ ವಚನಗಳನ್ನು ಸಂವಾದವಾಗಿ ಹೊಂದಿಸಿ ಮಹಾದೇವಯ್ಯನು 15ನೆಯ ಶತಮಾನದಲ್ಲಿ ಮಾಡಿದ ಕೆಲಸವನ್ನು ತತ್ತ್ವಪದಗಳಿಗೂ ಮಾಡಬೇಕಾದ ಕಾಲವಿದು. ಅಲ್ಲಮನ ಗೋಷ್ಠಿಯನ್ನು ಆತ ಸುಮಾರು ಎರಡೂವರೆ ಶತಮಾನಗಳ ನಂತರ ಊಹಿಸಿ ಕಟ್ಟಬೇಕಾಯಿತು. ಕಮಲಾಪುರ, ಜೇವರ್ಗಿ, ಚಿತ್ತಾಪುರ ಸೀಮೆಯ ಹಿರಿಯ ಹಾಡುಗಾರರನ್ನು ಒಟ್ಟಿಗೆ ಕೂರಿಸಿ, ರಾತ್ರಿಯಿಡೀ ಹಾಡಿಸಿ, ಸವಾಲು ಜವಾಬುಗಳನ್ನು ಬಂದ ಕ್ರಮದಲ್ಲೇ ದಾಖಲಿಸಿಕೊಂಡರೆ ಇಂದಿನವರಿಗೆ ಊಹೆಯ ಅಗತ್ಯವಿಲ್ಲ. ಹಾಗೆ ಮಾಡದೆ ಹೋದರೆ ಮುಂದಿನ ತಲೆಮಾರಿಗೆ ಉತ್ತರಗಳ ಸಂಪುಟಗಳು ಸಿಗುತ್ತವೆ, ಅವನ್ನು ಹುಟ್ಟಿಸಿದ ಪ್ರಶ್ನೆಗಳು ಸಿಗುವುದಿಲ್ಲ.